ಬಳಕೆದಾರರ ಕೈಗೆ ಸ್ಕ್ರಿಪ್ಟಿಂಗ್ ಕೊಡುವಾಗ: ಸುಲಭವಾಗಿಯೂ ಇರಲಿ, ಸರಿಯಾಗಿಯೂ ಇರಲಿ

“ಈ ಸ್ಕ್ರಿಪ್ಟನ್ನು ಮೂರು ಸಲ ಓಡಿಸಿ, ಆಗ ಸರಿಹೋಗುತ್ತದೆ.” ನಮ್ಮ ಸಾಫ್ಟ್‌ವೇರ್ ಬಳಸುವ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಸಲಹೆ ಇದು. ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಆಗ ನಾನು ಚಿತ್ರ ಬಿಡಿಸುವ ಒಂದು ಸಾಫ್ಟ್‌ವೇರ್‌ನ ತಂಡದಲ್ಲಿದ್ದೆ. ದಿನಾ ಮಾಡುವ ಕೆಲಸಗಳನ್ನು ಬಳಕೆದಾರರು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದು ತಾವೇ ಮಾಡಿಕೊಳ್ಳಲಿ ಅಂತ ಒಂದು ಇಂಟರ್‌ಫೇಸ್, ಅಂದರೆ ಸ್ಕ್ರಿಪ್ಟ್‌ನಿಂದ ಕರೆಯಬಹುದಾದ ಫಂಕ್ಷನ್‌ಗಳ ಗುಂಪು, ಕೊಟ್ಟಿದ್ದೆವು. ಅವರು ಬರೆದಿದ್ದ ಸ್ಕ್ರಿಪ್ಟ್ ಇಷ್ಟೇ. ಇಲ್ಲಿ ಓದಲು ಸುಲಭವಾಗಲಿ ಅಂತ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ.

ಪ್ರತಿ ಲೇಯರ್ (ಚಿತ್ರ.ಲೇಯರ್‌ಗಳು):
    ಲೇಯರ್.ಖಾಲಿ ಆದರೆ ಲೇಯರ್.ಅಳಿಸು()

ಖಾಲಿ ಲೇಯರ್‌ಗಳನ್ನೆಲ್ಲ (ಚಿತ್ರದ ಪದರಗಳನ್ನೆಲ್ಲ) ಅಳಿಸುವ ಸ್ಕ್ರಿಪ್ಟ್. ಇದಕ್ಕಿಂತ ಸರಳವಾಗಿ ಬರೆಯಲು ಆಗುತ್ತದಾ? ಆದರೆ ಅವರ ಚಿತ್ರದಲ್ಲಿ ಏಳು ಖಾಲಿ ಲೇಯರ್‌ಗಳು ಒಂದರ ಪಕ್ಕ ಒಂದು ಇದ್ದವು. ಮೊದಲ ಸಲ ಓಡಿಸಿದಾಗ ನಾಲ್ಕು ಹೋಗಿ ಮೂರು ಉಳಿದವು. ಎರಡನೇ ಸಲ ಒಂದು ಉಳಿಯಿತು. ಮೂರನೇ ಸಲಕ್ಕೆ ಎಲ್ಲ ಹೋದವು. ಹಾಗಾಗಿ ಅವರು ಮೂರು ಸಲ ಓಡಿಸಿ ಅಂದರು. ಅವರ ಕಡೆಯಿಂದ ಏನೂ ತಪ್ಪಿರಲಿಲ್ಲ, ತಪ್ಪು ನಮ್ಮದು. ಒಳಗಿದ್ದ ಪಟ್ಟಿಯನ್ನೇ ನಾವು ಹಾಗೆಯೇ ಹೊರಗೆ ಕೊಟ್ಟಿದ್ದೆವು. ಮೊದಲನೆಯದನ್ನು ಅಳಿಸಿದ ತಕ್ಷಣ ಎರಡನೆಯದು ಮೊದಲನೆಯದರ ಜಾಗಕ್ಕೆ ಸರಿಯುತ್ತಿತ್ತು. ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾ ಹೋಗುವ ಲೂಪ್ ಮಾತ್ರ ಎರಡನೇ ಜಾಗಕ್ಕೆ ಹೋಗುತ್ತಿತ್ತು. ನಡುವೆ ಒಂದೊಂದು ಲೇಯರ್ ತಪ್ಪಿಸಿಕೊಳ್ಳುತ್ತಿತ್ತು.

ಎಕ್ಸೆಲ್ ಮ್ಯಾಕ್ರೋ (ಎಕ್ಸೆಲ್ ಒಳಗೆ ಓಡುವ ಸ್ಕ್ರಿಪ್ಟ್) ಬರೆದವರಿಗೆ ಇದು ಹೊಸದಲ್ಲ. ಸಾಲುಗಳನ್ನು ಅಳಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ ಅಂತ ಹೊಸಬರಿಗೆ ಹೇಳಿಕೊಡುವುದು ಇದೇ ಕಾರಣಕ್ಕೆ. ಎಷ್ಟೋ ಜನ ಅದನ್ನು ಒಂದು ಉಪಾಯ ಅಂತ ಕಲಿತಿದ್ದಾರೆ. ನನ್ನ ಪ್ರಕಾರ ಅದು ಉಪಾಯ ಅಲ್ಲ. ಸಾಫ್ಟ್‌ವೇರ್ ಮಾಡಿದವರು ಹೊರಬೇಕಿದ್ದ ಭಾರವನ್ನು ಬಳಸುವವರು ಹೊರುತ್ತಿದ್ದಾರೆ, ಅಷ್ಟೇ.

ನೀವೂ ನಿಮ್ಮ ಸಾಫ್ಟ್‌ವೇರ್‌ಗೆ ಸ್ಕ್ರಿಪ್ಟಿಂಗ್ ಸೇರಿಸಲು ಹೊರಟಿದ್ದರೆ ಈ ಬರಹ ನಿಮಗೆ. ಸುಲಭವಾಗಿರಬೇಕಾ, ಸರಿಯಾಗಿರಬೇಕಾ ಅನ್ನುವ ಜಗ್ಗಾಟ ಪ್ರತಿ ಫಂಕ್ಷನ್‌ನಲ್ಲೂ ಬರುತ್ತದೆ. ಅದನ್ನು ನಾನು ಹೇಗೆ ಬಗೆಹರಿಸುತ್ತೇನೆ ಅಂತ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು: ಯಾರಿಗೆ ಸರಳ?

ಸರಳ ಅನ್ನುವ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಒಂದು, ಒಳಗಿನ ಕೋಡ್ ಸರಳವಾಗಿರುವುದು. ಇನ್ನೊಂದು, ಹೊರಗಿನಿಂದ ಬಳಸುವುದು ಸರಳವಾಗಿರುವುದು. ಇವೆರಡೂ ಬೇರೆ ಬೇರೆ. ಎಷ್ಟೋ ಸಲ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೆ ಹಳೆಯ ಉದಾಹರಣೆ ಇದೆ. ಪ್ರೋಗ್ರಾಂ ಒಂದು ಟರ್ಮಿನಲ್‌ನಿಂದಲೋ ನೆಟ್‌ವರ್ಕ್‌ನಿಂದಲೋ ಡೇಟಾ ಓದಲು ಕಾಯುತ್ತಿರುತ್ತದೆ. ಅಷ್ಟರಲ್ಲಿ ಒಂದು ಸಿಗ್ನಲ್ (ಪ್ರೋಗ್ರಾಂಗೆ ಸಿಸ್ಟಂ ಕಳಿಸುವ ಸೂಚನೆ) ಬರುತ್ತದೆ. ಆಗ ಓದುವ ಕೆಲಸ ಅರ್ಧಕ್ಕೆ ನಿಂತು, ‘ಅಡ್ಡಿಯಾಯಿತು’ ಅನ್ನುವ ಎರರ್ ವಾಪಸ್ ಬರಬಹುದು. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಬರೆದವರಿಗೆ ಇದು ಸುಲಭ. ಆದರೆ ಮತ್ತೆ ಓದು ಅಂತ ಹೇಳುವ ಲೂಪನ್ನು ಪ್ರತಿಯೊಬ್ಬ ಪ್ರೋಗ್ರಾಮರ್ ಬರೆಯಬೇಕು. ಬರೆಯದೆ ಬಿಟ್ಟವರ ಪ್ರೋಗ್ರಾಂ ಯಾವತ್ತೋ ಒಂದು ದಿನ ಕೈಕೊಡುತ್ತದೆ. 2015ರಲ್ಲಿ ಬಂದ ಪೈಥಾನ್ ಭಾಷೆಯ 3.5 ಆವೃತ್ತಿ ಆ ಲೂಪನ್ನು ತನ್ನೊಳಗೇ ಸೇರಿಸಿಕೊಂಡಿತು. ಅಲ್ಲಿಂದ ಮುಂದೆ ಪೈಥಾನ್ ಬರೆಯುವವರಲ್ಲಿ ಹೆಚ್ಚಿನವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಡಕು ಎಲ್ಲಿಗೂ ಮಾಯವಾಗಲಿಲ್ಲ ನೋಡಿ, ಜಾಗ ಬದಲಾಯಿಸಿತು ಅಷ್ಟೇ. ಸಾವಿರಾರು ಜನ ತಲಾ ಒಂದು ಸಲ ಹೊರುತ್ತಿದ್ದದ್ದನ್ನು ಒಂದು ತಂಡ ಒಂದೇ ಸಲ ಹೊತ್ತಿತು. ಮುಂದೆ ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

1. ಇಂಟರ್‌ಫೇಸ್‌ಗೆ ಮೊದಲು ಸ್ಕ್ರಿಪ್ಟ್ ಬರೆಯಿರಿ

ಫಂಕ್ಷನ್‌ಗಳ ಪಟ್ಟಿ ಮಾಡಲು ಕೂರಬೇಡಿ. ಬಳಕೆದಾರರು ನಿಜವಾಗಿ ಮಾಡಬೇಕಾದ ಹತ್ತು ಕೆಲಸ ಆರಿಸಿ. ಇಂಟರ್‌ಫೇಸ್ ಆಗಲೇ ಇದೆ ಅಂದುಕೊಂಡು ಆ ಹತ್ತಕ್ಕೂ ಸ್ಕ್ರಿಪ್ಟ್ ಬರೆಯಿರಿ. ಓಡದಿದ್ದರೂ ಪರವಾಗಿಲ್ಲ. “ಫೋಲ್ಡರ್‌ನಲ್ಲಿರುವ ಚಿತ್ರಗಳನ್ನೆಲ್ಲ ಅರ್ಧ ಸೈಜ್ ಮಾಡಿ ಬೇರೆ ಕಡೆ ಉಳಿಸು”, “ಈ ಫಾಂಟ್ ಇರುವ ಕಡೆಯೆಲ್ಲ ಆ ಫಾಂಟ್ ಹಾಕು” — ಇಂಥವು.

ಹೀಗೆ ಮಾಡಿದರೆ ಎರಡು ವಿಷಯ ಬೇಗ ಕಾಣುತ್ತವೆ. ಒಂದು ಹೆಸರುಗಳದ್ದು. ಮೆನುವಿನಲ್ಲಿ ‘ಲೇಯರ್’ ಅಂತ ಇದ್ದರೆ ಸ್ಕ್ರಿಪ್ಟ್‌ನಲ್ಲೂ ಅದೇ ಇರಬೇಕು. ನಿಮ್ಮ ಕೋಡ್‌ನ ಒಳಗೆ ಅದಕ್ಕೆ ‘ನೋಡ್’ ಅಂತಲೋ ‘ಐಟಂ’ ಅಂತಲೋ ಹೆಸರಿರಬಹುದು. ಅದು ನಿಮ್ಮ ಮನೆಯೊಳಗಿನ ಮಾತು, ಹೊರಗೆ ತರಬೇಡಿ.

ಎರಡನೆಯದು ಇನ್ನೂ ಮುಖ್ಯ. ಹತ್ತರಲ್ಲಿ ಎಂಟು ಸ್ಕ್ರಿಪ್ಟ್‌ಗಳ ಶುರುವಿನಲ್ಲಿ ಅದೇ ನಾಲ್ಕೈದು ಸಾಲು ಬರುತ್ತಿದ್ದರೆ ಅಲ್ಲೇ ನಿಲ್ಲಿ. ಆ ಸಾಲುಗಳು ನಿಮ್ಮವು, ಬಳಕೆದಾರರದ್ದಲ್ಲ. ಎಲ್ಲರೂ ಒಂದೇ ಥರ ಬರೆಯುವುದನ್ನು ಬರೆಸುವುದೇ ತಪ್ಪು. ಸರಿಯಾಗಿರಬೇಕು ಅನ್ನುವ ಆಸೆಯಲ್ಲಿ ನಾವು ಅತಿ ಮಾಡುವುದೂ ಇಲ್ಲೇ. ಮೊದಲು ಸೆಷನ್ ತೆರೆ, ಆಮೇಲೆ ಲಾಕ್ ತಗೋ, ಕೆಲಸ ಮಾಡು, ಲಾಕ್ ಬಿಡು, ಸೆಷನ್ ಮುಚ್ಚು. ಪುಸ್ತಕದ ಪ್ರಕಾರ ಎಲ್ಲ ಸರಿ. ಆದರೆ ಮೂರು ಸಾಲಿನ ಕೆಲಸ ಮಾಡಲು ಬಂದವರು ಇದನ್ನು ಅರ್ಥ ಮಾಡಿಕೊಂಡು ಬರೆಯುವುದಿಲ್ಲ, ಎಲ್ಲಿಂದಲೋ ಕಾಪಿ ಮಾಡುತ್ತಾರೆ. ಕಾಪಿ ಮಾಡುವಾಗ ಒಂದು ಸಾಲು ಬಿಟ್ಟುಹೋಗುತ್ತದೆ. ಆಗ ನಿಮ್ಮ ಸರಿತನವೂ ಹೋಯಿತು, ಅವರ ಸುಲಭವೂ ಹೋಯಿತು.

ಸಾಧ್ಯವಾದರೆ ಒಬ್ಬ ಬಳಕೆದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಬರೆಸಿ. ನೀವು ಬಾಯಿ ಬಿಡಬೇಡಿ, ಸುಮ್ನೆ ನೋಡಿ. ಅವರು ಮೊದಲು ಯಾವ ಪದ ಟೈಪ್ ಮಾಡುತ್ತಾರೋ ಅದೇ ಸಾಮಾನ್ಯವಾಗಿ ಒಳ್ಳೆಯ ಹೆಸರು.

ಹಾಗಂತ ಸ್ಕ್ರಿಪ್ಟ್ ಮಾತಿನ ಥರ ಇದ್ದರೆ ಸಾಕು ಅಂತ ಅಂದುಕೊಳ್ಳಬೇಡಿ. 1993ರಲ್ಲಿ ಬಂದ, ಆಪಲ್ ಕಂಪನಿಯ ಸ್ಕ್ರಿಪ್ಟ್ ಭಾಷೆ ಆಪಲ್‌ಸ್ಕ್ರಿಪ್ಟ್ ಹೆಚ್ಚುಕಡಿಮೆ ಇಂಗ್ಲಿಷ್ ವಾಕ್ಯದ ಥರವೇ ಇದೆ. ಓದಲು ತುಂಬ ಚೆನ್ನ. ಬರೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಒಂದು ವಿಷಯವನ್ನು ಮಾತಿನಲ್ಲಿ ನಾಲ್ಕು ಥರ ಹೇಳಬಹುದು, ಅದರಲ್ಲಿ ಯಾವುದನ್ನು ಅದು ಒಪ್ಪುತ್ತದೆ ಅಂತ ತಿಳಿಯುವುದಿಲ್ಲ. ಮಾತಿನ ಹಾಗಿರುವುದಕ್ಕಿಂತ ಎಲ್ಲ ಕಡೆ ಒಂದೇ ಥರ ಇರುವುದು ಮುಖ್ಯ. ಒಂದು ಕಡೆ ‘ಅಳಿಸು’, ಇನ್ನೊಂದು ಕಡೆ ‘ತೆಗೆದುಹಾಕು’ ಅಂತ ಇಡಬೇಡಿ.

2. ಪ್ರತಿ ತೊಡಕನ್ನೂ ಮೂರು ಬುಟ್ಟಿಯಲ್ಲಿ ಒಂದಕ್ಕೆ ಹಾಕಿ

ಹತ್ತು ಸ್ಕ್ರಿಪ್ಟ್ ಬರೆಯುವಾಗ ‘ಇಲ್ಲಿ ಹೀಗಾದರೆ ಏನು ಮಾಡುವುದು?’ ಅನ್ನುವ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಅವನ್ನೆಲ್ಲ ಬರೆದಿಟ್ಟುಕೊಳ್ಳಿ. ಆಮೇಲೆ ಒಂದೊಂದನ್ನೂ ಮೂರು ಬುಟ್ಟಿಯಲ್ಲಿ ಯಾವುದಕ್ಕೆ ಅಂತ ತೀರ್ಮಾನಿಸಿ.

ಮೊದಲ ಬುಟ್ಟಿ: ಉತ್ತರ ಒಂದೇ ಇದೆ, ಯಾರನ್ನು ಕೇಳಿದರೂ ಅದೇ ಹೇಳುತ್ತಾರೆ. ಅಂಥದ್ದನ್ನು ನೀವೇ ಹೊತ್ತುಕೊಳ್ಳಿ. ತೆರೆದ ಫೈಲನ್ನು ಮುಚ್ಚುವುದು, ಅಡ್ಡಿಯಾದರೆ ಮತ್ತೆ ಓದುವುದು, ಫೈಲ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ಸರಿಯಾಗಿ ತೆರೆಯುವುದು, ಎಲ್ಲ ಇದಕ್ಕೇ. ಶೆಲ್ ಸ್ಕ್ರಿಪ್ಟ್‌ನಲ್ಲಿ (ಸಿಸ್ಟಂ ಕಮ್ಯಾಂಡ್‌ಗಳ ಸ್ಕ್ರಿಪ್ಟ್) ವೇರಿಯಬಲ್ ಸುತ್ತ ಕೋಟ್ ಹಾಕಲು ಮರೆತರೆ ಸ್ಪೇಸ್ ಇರುವ ಒಂದು ಹೆಸರು ಎರಡು ಹೆಸರಾಗಿ ಒಡೆಯುತ್ತದೆ. ಅಷ್ಟು ವರ್ಷದಿಂದ ಅಷ್ಟು ಜನ ಆ ಒಂದು ವಿಷಯಕ್ಕೆ ಒದ್ದಾಡಿದ್ದಾರೆ.

ಎರಡನೇ ಬುಟ್ಟಿ: ಉತ್ತರ ಒಂದಕ್ಕಿಂತ ಜಾಸ್ತಿ ಇದೆ, ಆದರೆ ತಪ್ಪಾದರೂ ದೊಡ್ಡ ನಷ್ಟ ಇಲ್ಲ, ಸುಲಭವಾಗಿ ವಾಪಸ್ ಬರಬಹುದು. ಚಿತ್ರ ಉಳಿಸುವಾಗ ಗುಣಮಟ್ಟ ಎಷ್ಟಿರಬೇಕು ಅನ್ನುವ ಹಾಗೆ. ಇದಕ್ಕೆ ಒಂದು ಡೀಫಾಲ್ಟ್ (ಏನೂ ಹೇಳದಿದ್ದರೆ ತಾನಾಗಿ ಬರುವ ಆಯ್ಕೆ) ಇಡಿ, ಬೇಕಾದವರು ಬದಲಾಯಿಸಲಿ. ಡೀಫಾಲ್ಟ್ ಏನು ಅನ್ನುವುದು ಸಹಾಯ ಪುಟದ ಮೊದಲ ಸಾಲಿನಲ್ಲೇ ಕಾಣಲಿ.

ಮೂರನೆಯದೇ ಕಷ್ಟದ್ದು. ಉತ್ತರ ಒಂದಕ್ಕಿಂತ ಜಾಸ್ತಿ, ತಪ್ಪಾದರೆ ಡೇಟಾ ಹಾಳು. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಅದರ ಮೇಲೆ ಬರೆಯುವುದಾ, ಬೇಡವಾ? ಇಲ್ಲಿ ಊಹೆ ಮಾಡಬೇಡಿ. ನಿಲ್ಲಿಸಿ, ಕೇಳಿ. ‘ಫೈಲ್ ಆಗಲೇ ಇದೆ’ ಅಂತ ಎರರ್ ಕೊಡಿ. ಮೇಲೆ ಬರೆಯಲೇಬೇಕು ಅನ್ನುವವರಿಗೆ ಒಂದು ಪದ ಕೊಡಿ: ಉಳಿಸು("ವರದಿ", ಇದ್ದರೆ="ಮೇಲೆ ಬರೆ"). ಒಂದೇ ಒಂದು ಪದ ಜಾಸ್ತಿ ಆಯಿತು. ಆದರೆ ಅದನ್ನು ಓದಿದ ಯಾರಿಗೇ ಆದರೂ ಇಲ್ಲಿ ಏನಾಗುತ್ತದೆ ಅಂತ ಗೊತ್ತಾಗುತ್ತದೆ.

ಮೂರನೇ ಬುಟ್ಟಿಗೆ ಸೇರಬೇಕಾದ್ದನ್ನು ‘ಪಾಪ, ಅವರಿಗೆ ಸುಲಭವಾಗಲಿ’ ಅಂತ ಮೊದಲ ಬುಟ್ಟಿಗೆ ಹಾಕುವುದೇ ನಾನು ಕಂಡ ಅತಿ ದೊಡ್ಡ ತಪ್ಪು. ಎಕ್ಸೆಲ್‌ನ ಜೀನ್ ಹೆಸರುಗಳ ಕಥೆಯನ್ನೇ ತಗೊಳ್ಳಿ. ಮನುಷ್ಯರ ಜೀನ್‌ಗಳಲ್ಲಿ ‘ಮಾರ್ಚ್1’, ‘ಸೆಪ್ಟ್1’ ಅನ್ನುವ ಹೆಸರಿನವು ಇದ್ದವು. ಅವನ್ನು ಒಂದು ಸೆಲ್‌ನಲ್ಲಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಕು ಅಂದುಕೊಂಡು ಬದಲಾಯಿಸಿಬಿಡುತ್ತಿತ್ತು. ಕೇಳುತ್ತಲೂ ಇರಲಿಲ್ಲ, ಹೇಳುತ್ತಲೂ ಇರಲಿಲ್ಲ. ಸಂಶೋಧಕರು ಪ್ರಕಟಿಸಿದ ಪಟ್ಟಿಗಳಲ್ಲೇ ಜೀನ್ ಇರಬೇಕಾದ ಕಡೆ ತಾರೀಕುಗಳು ಕೂತಿದ್ದವು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಹೆಸರು ಬದಲಾಯಿಸಿತು. ‘ಸೆಪ್ಟ್1’ ಹೋಗಿ ‘ಸೆಪ್ಟಿನ್1’ ಆಯಿತು, ‘ಮಾರ್ಚ್1’ ಹೋಗಿ ‘ಮಾರ್ಚ್‌ಎಫ್1’ ಆಯಿತು. ಈ ಬದಲಾವಣೆಯನ್ನು ಆಫ್ ಮಾಡುವ ಸೆಟ್ಟಿಂಗ್ ಎಕ್ಸೆಲ್‌ಗೆ ಬಂದಿದ್ದು 2023ರಲ್ಲಿ.

ಸೆಟ್ಟಿಂಗ್‌ಗಳನ್ನು ಬರೆದಿಡಲು ಬಳಸುವ ಯಾಮಲ್ ಅನ್ನುವ ಫೈಲ್ ರೂಪದಲ್ಲೂ ಇದೇ ಥರದ್ದೊಂದಿದೆ. ದೇಶಗಳ ಎರಡಕ್ಷರದ ಕೋಡ್‌ಗಳ ಪಟ್ಟಿ ಬರೆಯುತ್ತಾ ಹೋಗಿ ನಾರ್ವೆಗೆ ‘ಎನ್‌ಓ’ ಅಂತ ಹಾಕಿದರೆ, ಹಳೆಯ 1.1 ಆವೃತ್ತಿಯ ನಿಯಮದ ಪ್ರಕಾರ ಅದು ‘ಇಲ್ಲ’ ಅನ್ನುವ ಬೆಲೆಯಾಗುತ್ತದೆ. ಉಳಿದ ದೇಶಗಳೆಲ್ಲ ಅಕ್ಷರಗಳಾಗಿಯೇ ಇರುತ್ತವೆ, ನಾರ್ವೆ ಮಾತ್ರ ಮಾಯ. ಕೋಟ್ ಹಾಕುವ ಎರಡು ಕೀ ಉಳಿಸಲು ಹೋಗಿ ಆಗಿದ್ದು ಇದು. ಊಹೆ ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿ ಬಂದರೆ ಒಳ್ಳೆಯದಲ್ವಾ ಅಂತ ನೀವು ಕೇಳಬಹುದು. ತಪ್ಪಾದ ಆ ಒಂದು ಸಲ ಯಾರಿಗೂ ಗೊತ್ತಾಗದಿದ್ದರೆ ಒಳ್ಳೆಯದಲ್ಲ. ತೊಂಬತ್ತೊಂಬತ್ತು ಸಲ ಸರಿ ಬಂದ ಕಾರಣಕ್ಕೇ ನೂರನೇ ಸಲ ಯಾರೂ ತಿರುಗಿ ನೋಡುವುದಿಲ್ಲ.

3. ಕಣ್ಣಿಗೆ ಕಾಣದ ಸ್ಥಿತಿಯನ್ನು ನಂಬಬೇಡಿ

ಫೋಟೋಶಾಪ್‌ನಲ್ಲಿ ಸ್ಕ್ರಿಪ್ಟ್ ಬರೆದವರಿಗೆ ಈ ಸಾಲುಗಳು ಬಾಯಿಪಾಠ. ಮೊದಲು ಈಗಿನ ರೂಲರ್ ಯೂನಿಟ್ ಏನಿದೆ ಅಂತ ತೆಗೆದಿಟ್ಟುಕೋ. ಆಮೇಲೆ ಅದನ್ನು ಪಿಕ್ಸೆಲ್ ಮಾಡು. ಕೆಲಸ ಮುಗಿಸು. ಕೊನೆಗೆ ಹಳೆಯದನ್ನು ವಾಪಸ್ ಇಡು. ಯಾಕೆ? ಯೂನಿಟ್ ಹೇಳದೆ ಬರೀ 100 ಅಂತ ಕೊಟ್ಟರೆ ಅದು ಬಳಕೆದಾರರ ಪ್ರಿಫರೆನ್ಸ್‌ನಲ್ಲಿರುವ ಯೂನಿಟ್ ಆಗುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಪಿಕ್ಸೆಲ್, ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಇಂಚು. ಸ್ಕ್ರಿಪ್ಟ್ ಅದೇ, ಫಲಿತಾಂಶ ಬೇರೆ. ಮೊದಲ ಹಂತದಲ್ಲಿ ಹೇಳಿದ್ದೆನಲ್ಲ, ಎಲ್ಲರೂ ಬರೆಯುವ ಆ ಒಂದೇ ಥರದ ಸಾಲುಗಳು? ಅವು ಹುಟ್ಟುವುದು ಇಂಥ ಕಡೆಯೇ.

ಎಕ್ಸೆಲ್ ಮ್ಯಾಕ್ರೋದಲ್ಲಿ ಯಾವ ಶೀಟ್ ಅಂತ ಹೇಳದೆ ಎ1 ಸೆಲ್ ಅಂದರೆ ಸಾಮಾನ್ಯವಾಗಿ ಆ ಕ್ಷಣ ಮುಂದಿರುವ ಶೀಟಿನ ಎ1. ಮ್ಯಾಕ್ರೋ ಓಡುವಾಗ ಬಳಕೆದಾರರು ಬೇರೆ ಶೀಟ್‌ನಲ್ಲಿದ್ದರೆ ಅದರ ಮೇಲೆ ಬರೆಯುತ್ತದೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಪರದೆಯ ಮೇಲೆ ತಿರುಗುವ ಕೋನ ಡಿಗ್ರಿಯಲ್ಲಿ ಕಾಣುತ್ತದೆ, ಪೈಥಾನ್‌ನಿಂದ ಕೊಡುವಾಗ ಅದು ರೇಡಿಯನ್ (ಕೋನದ ಇನ್ನೊಂದು ಅಳತೆ). ಪರದೆಯಲ್ಲಿ 90 ನೋಡಿ ಸ್ಕ್ರಿಪ್ಟ್‌ನಲ್ಲೂ 90 ಅಂತ ಬರೆದವರ ಮಾಡೆಲ್ ಎತ್ತಲೋ ತಿರುಗಿ ನಿಲ್ಲುತ್ತದೆ.

ಇದಕ್ಕೆ ಏನು ಮಾಡಬೇಕು? ಸ್ಕ್ರಿಪ್ಟ್ ಓದಿದರೆ ಸಾಕು, ಅದು ಏನು ಮಾಡುತ್ತದೆ ಅಂತ ಗೊತ್ತಾಗಬೇಕು. ಪ್ರಿಫರೆನ್ಸ್, ಆಯ್ಕೆ ಮಾಡಿದ ವಸ್ತು, ಮುಂದಿರುವ ಕಿಟಕಿ, ಕಂಪ್ಯೂಟರ್‌ನ ಭಾಷೆ, ಇವುಗಳ ಮೇಲೆ ಅರ್ಥ ನಿಂತಿರಬಾರದು. ಯೂನಿಟ್ ಹೆಸರಿನಲ್ಲೇ ಬರಲಿ: ಅಗಲ_ಪಿಕ್ಸೆಲ್, ಕೋನ_ಡಿಗ್ರಿ. ಇಲ್ಲದಿದ್ದರೆ ಬೆಲೆಯ ಜೊತೆಗೇ ಬರಲಿ: ಅಗಲ="100 ಪಿಕ್ಸೆಲ್". ಪ್ರತಿ ಅಳತೆಗೂ ಒಂದು ವಸ್ತು ಮಾಡಿ, ಆ ವಸ್ತುವಿಗೆ ಇನ್ನೊಂದು ವಸ್ತು ಬೇಕು ಅನ್ನುವವರೆಗೆ ಹೋಗಬೇಡಿ. ಅಷ್ಟು ಬೇಕಿಲ್ಲ.

ಸುಮ್ನೆ ಒಂದು ಸ್ಕ್ರಿಪ್ಟ್ ತಟ್ಟಿ ಎಸೆಯುವವರಿಗೆ ‘ಈಗ ಆಯ್ಕೆ ಆಗಿರುವುದು’ ಬೇಕೇ ಬೇಕು, ಅದನ್ನು ತೆಗೆಯಬೇಡಿ. ಅದು ಒಂದು ಹೆಸರಾಗಿ ಕಾಣಲಿ: ಆಪ್.ಆಯ್ಕೆ. ಬರೆದವರು ಗೊತ್ತಿದ್ದೇ ಅದನ್ನು ಕೇಳಿರುತ್ತಾರೆ.

4. ಪಟ್ಟಿ ಕೊಟ್ಟರೆ ಅಲ್ಲಾಡದ ಪಟ್ಟಿ ಕೊಡಿ

ಶುರುವಿನ ಲೇಯರ್ ಕಥೆಗೆ ವಾಪಸ್ ಬರೋಣ. ಅದನ್ನು ಸರಿಮಾಡಲು ನಮ್ಮ ಮುಂದೆ ಮೂರು ದಾರಿ ಇದ್ದವು.

‘ಅಳಿಸುವಾಗ ಹಿಂದಿನಿಂದ ಬನ್ನಿ’ ಅಂತ ಸಹಾಯ ಪುಟದಲ್ಲಿ ಬರೆಯುವುದು ಒಂದು. ಅದರಿಂದ ನಮ್ಮ ಕೋಡ್‌ಗೆ ಏನೂ ಆಗುವುದಿಲ್ಲ. ಆದರೆ ಸಹಾಯ ಪುಟ ಓದದವರೇ ಜಾಸ್ತಿ. ಲೂಪ್ ನಡೆಯುವಾಗ ಪಟ್ಟಿ ಬದಲಾದರೆ ಎರರ್ ಕೊಡುವುದು ಎರಡನೇ ದಾರಿ. ಪೈಥಾನ್‌ನಲ್ಲಿ ಡಿಕ್ಷನರಿಯ (ಹೆಸರು-ಬೆಲೆ ಜೋಡಿಗಳ ಸಂಗ್ರಹ) ಮೇಲೆ ಲೂಪ್ ಮಾಡುತ್ತಾ ಅದರ ಅಳತೆ ಬದಲಾಯಿಸಿದರೆ ಹೀಗೇ ಆಗುತ್ತದೆ. ಇದು ಸರಿ, ಕನಿಷ್ಠ ಸುಳ್ಳು ಹೇಳುವುದಿಲ್ಲ. ಆದರೆ ಖಾಲಿ ಲೇಯರ್ ಅಳಿಸುವ ಆಸೆ ನ್ಯಾಯವಾದದ್ದೇ ಅಲ್ವಾ? ಅದಕ್ಕೆ ಎರರ್ ಯಾಕೆ ಕೊಡಬೇಕು?

ಮೂರನೇ ದಾರಿ, ಕೇಳಿದಾಗಲೆಲ್ಲ ಪಟ್ಟಿಯ ನಕಲು ಕೊಡುವುದು. ಲೇಯರ್‌ಗಳ ನಕಲಲ್ಲ, ಯಾವ ಯಾವ ಲೇಯರ್ ಇವೆ ಅನ್ನುವ ಪಟ್ಟಿಯ ನಕಲು. ನಾವು ಇದನ್ನೇ ಆರಿಸಿಕೊಂಡೆವು. ತಂಡದಲ್ಲಿ ‘ನಿಧಾನ ಆಗುತ್ತದೆ’ ಅನ್ನುವ ಮಾತು ಬಂತು. ಒಂದು ಚಿತ್ರದಲ್ಲಿ ಹತ್ತು ಸಾವಿರ ಲೇಯರ್ ಇದ್ದರೂ ನಕಲಾಗುವುದು ಹತ್ತು ಸಾವಿರ ವಿಳಾಸಗಳು. ಒಂದು ಲೇಯರನ್ನು ಪರದೆಯ ಮೇಲೆ ಬಿಡಿಸುವ ಕೆಲಸದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹೀಗೆ ವೇಗದ ಹೆಸರಿನಲ್ಲಿ ಮಾತು ಬಂದಾಗ ಅಳೆದು ನೋಡಿ. ಎಷ್ಟೋ ಸಲ ಆ ಹೆದರಿಕೆಗೆ ಬುಡವೇ ಇರುವುದಿಲ್ಲ.

ನಕಲು ಕೊಟ್ಟಾಗ ಹೊಸ ಪ್ರಶ್ನೆ ಒಂದು ಹುಟ್ಟುತ್ತದೆ. ಆಗಲೇ ಅಳಿಸಿದ ಲೇಯರ್ ಒಂದು ಸ್ಕ್ರಿಪ್ಟ್‌ನ ಕೈಯಲ್ಲಿ ಉಳಿದಿರುತ್ತದೆ. ಅದರ ಹೆಸರು ಕೇಳಿದರೆ ಏನು ಹೇಳುವುದು? ಖಾಲಿ ಹೆಸರು ಕೊಡಬೇಡಿ. ಕ್ರ್ಯಾಶ್ ಅಂತೂ ಆಗಲೇಬಾರದು, ಒಂದು ಸ್ಕ್ರಿಪ್ಟ್‌ನ ತಪ್ಪಿನಿಂದ ಇಡೀ ಸಾಫ್ಟ್‌ವೇರ್ ಬಿದ್ದರೆ ಉಳಿಸದ ಕೆಲಸವೆಲ್ಲ ಹೋಯಿತು. ‘ಈ ಲೇಯರನ್ನು ಆಗಲೇ ಅಳಿಸಲಾಗಿದೆ’ ಅನ್ನುವ ಎರರ್ ಕೊಡಿ. ಒಳಗೆ ಇದನ್ನು ಮಾಡುವುದು ಕಷ್ಟದ ಕೆಲಸವೇ. ಪ್ರತಿ ವಸ್ತುವೂ ಬದುಕಿದೆಯಾ ಅಂತ ನೋಡುವ ವ್ಯವಸ್ಥೆ ಬೇಕು. ನಮಗೆ ಅದಕ್ಕೆ ವಾರಗಳೇ ಹಿಡಿದವು. ಹೊರಬೇಕಾದ ಭಾರ ಅಂದೆನಲ್ಲ, ಅದು ಇದೇ.

5. ತಪ್ಪನ್ನು ಬೇಗ ಹೇಳಿ, ಅವರ ಮಾತಿನಲ್ಲಿ ಹೇಳಿ

ಲೇಯರ್.ಕಾಣು = ಇಲ್ಲ ಅಂತ ಬರೆದರೆ ಲೇಯರ್ ಮರೆಯಾಗುತ್ತದೆ ಅಂದುಕೊಳ್ಳಿ. ಒಬ್ಬರು ಅವಸರದಲ್ಲಿ ಲೇಯರ್.ಕಾನು = ಇಲ್ಲ ಅಂತ ಬರೆದರು. ಜಾವಾಸ್ಕ್ರಿಪ್ಟ್, ಪೈಥಾನ್, ಲುವಾ ಮೂರೂ ಭಾಷೆಗಳಲ್ಲಿ ಸಾಮಾನ್ಯ ವಸ್ತುವಿಗೆ ಹೀಗೆ ಹೊಸ ಗುಣ ಸೇರಿಸಿದರೆ ಭಾಷೆ ತಕರಾರು ಮಾಡುವುದಿಲ್ಲ. ‘ಕಾನು’ ಅನ್ನುವ ಹೊಸ ಗುಣ ಸೇರಿಕೊಳ್ಳುತ್ತದೆ, ಲೇಯರ್ ಕಾಣುತ್ತಲೇ ಇರುತ್ತದೆ. ಬರೆದವರು ಒಂದು ಗಂಟೆ ತಲೆ ಚಚ್ಚಿಕೊಳ್ಳುತ್ತಾರೆ.

ಭಾಷೆ ಬಿಟ್ಟಿದೆ ಅಂತ ನೀವೂ ಬಿಡಬೇಕಿಲ್ಲ. ನಿಮ್ಮ ವಸ್ತುಗಳಿಗೆ ಗೊತ್ತಿಲ್ಲದ ಗುಣ ಸೇರಿಸಲು ಬಂದರೆ ತಡೆಯಿರಿ. ಈ ಮೂರೂ ಭಾಷೆಗಳಲ್ಲಿ ಅದಕ್ಕೆ ದಾರಿ ಇದೆ. ರೆಡಿಸ್ ಡೇಟಾಬೇಸ್ ಇದಕ್ಕೆ ಒಳ್ಳೆಯ ಮಾದರಿ. ಲುವಾದಲ್ಲಿ ಘೋಷಿಸದೆ ಬಳಸಿದ ವೇರಿಯಬಲ್ ತಾನಾಗಿಯೇ ಗ್ಲೋಬಲ್ (ಎಲ್ಲ ಕಡೆಗೂ ಕಾಣುವಂಥದ್ದು) ಆಗುತ್ತದೆ. ರೆಡಿಸ್ ಒಳಗೆ ಓಡುವ ಲುವಾ ಸ್ಕ್ರಿಪ್ಟ್ ಹಾಗೆ ಗ್ಲೋಬಲ್ ಮಾಡಲು ಹೋದರೆ ಎರರ್ ಬರುತ್ತದೆ. ಒಂದು ಸ್ಕ್ರಿಪ್ಟ್‌ನ ಕಸ ಇನ್ನೊಂದಕ್ಕೆ ತಗಲುವುದಿಲ್ಲ, ಅಕ್ಷರ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನು ಎರರ್‌ನ ಮಾತು. ಈ ಎರಡನ್ನು ಓದಿ:

“ತಪ್ಪಾದ ಆರ್ಗ್ಯುಮೆಂಟ್.”

“7ನೇ ಸಾಲು: ಲೇಯರ್‌ಗೆ ‘ಕಾನು’ ಅನ್ನುವ ಗುಣ ಇಲ್ಲ. ‘ಕಾಣು’ ಅಂತ ಬರೆಯಬೇಕಿತ್ತಾ?”

ಎರಡನೆಯದಕ್ಕೆ ಬೇಕಾದ ಕೋಡ್ ಏನೂ ಜಾಸ್ತಿ ಅಲ್ಲ. ಗೊತ್ತಿರುವ ಹೆಸರುಗಳಲ್ಲಿ ಹತ್ತಿರದ್ದು ಯಾವುದು ಅಂತ ಹುಡುಕಬೇಕು, ಅಷ್ಟೇ. ಎಲ್ಲಿ, ಏನು ಬಂತು, ಏನು ಬರಬೇಕಿತ್ತು, ಈ ಮೂರೂ ಪ್ರತಿ ಎರರ್‌ನಲ್ಲಿ ಇದೆಯಾ ನೋಡಿ. ನಾನು ಎರರ್ ಮಾತುಗಳನ್ನು ಒಂದು ಕಡತದಲ್ಲಿ ಒಟ್ಟಿಗೆ ಇಟ್ಟು, ಸ್ಕ್ರಿಪ್ಟ್ ಬರೆಯದವರ ಕೈಗೆ ಕೊಟ್ಟು ಓದಿಸುತ್ತೇನೆ. ಅವರಿಗೆ ಅರ್ಥವಾಗದ್ದನ್ನು ಮತ್ತೆ ಬರೆಯುತ್ತೇನೆ.

ಇನ್ನೊಂದು. ಎರರ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಬಾಯಿ ಮುಚ್ಚಿಸುವ ಸೌಲಭ್ಯ ಕೊಡಬೇಡಿ. ಎಕ್ಸೆಲ್ ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯಲ್ಲಿ ‘ಎರರ್ ಬಂದರೆ ಮುಂದಿನ ಸಾಲಿಗೆ ಹೋಗು’ ಅನ್ನುವ ಸಾಲು ಇದೆ. ಅದನ್ನು ಮೇಲೆ ಬರೆದುಬಿಟ್ಟರೆ ಮುಂದಿನ ತಪ್ಪುಗಳೆಲ್ಲ ಗಪ್‌ಚುಪ್. ಜನ ಅದನ್ನು ಬಳಸುವುದು ಸೋಮಾರಿತನದಿಂದಲ್ಲ. ‘ಈ ಶೀಟ್ ಇದೆಯಾ?’ ಅಂತ ಕೇಳಲು ಸುಲಭದ ದಾರಿ ಇಲ್ಲದೆ ಬಳಸುತ್ತಾರೆ. ಲೇಯರ್‌ಗಳು.ಇದೆಯಾ("ಹಿನ್ನೆಲೆ") ಅನ್ನುವಂಥದ್ದನ್ನು ನೀವೇ ಕೊಟ್ಟರೆ ಎರರ್ ಮುಚ್ಚುವ ಅಗತ್ಯವೇ ಬರುವುದಿಲ್ಲ.

6. ಭಾಷೆ ಮತ್ತು ಎಣಿಕೆ

ಸ್ವಂತ ಭಾಷೆ ಮಾಡಲು ಹೋಗಬೇಡಿ. ಲುವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲಿ ಒಂದು ತಗೊಳ್ಳಿ. 1993ರಲ್ಲಿ ಬ್ರೆಜಿಲ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲುವಾ ಬೇರೆ ಸಾಫ್ಟ್‌ವೇರ್‌ನ ಒಳಗೆ ಕೂರಲೆಂದೇ ಚಿಕ್ಕದಾಗಿ ಮಾಡಿದ್ದು. ನಿಮ್ಮ ಬಳಕೆದಾರರಿಗೆ ಆಗಲೇ ಗೊತ್ತಿರುವ ಭಾಷೆ ಯಾವುದೋ ಅದೇ ಒಳ್ಳೆಯದು.

ಆರಿಸಿದ ಮೇಲೆ ಅದರ ನಡತೆಗೆ ಹೊಂದಿಕೊಳ್ಳಿ. ಲುವಾದಲ್ಲಿ ಪಟ್ಟಿ 1ರಿಂದ ಶುರು, ಪೈಥಾನ್‌ನಲ್ಲಿ 0ಯಿಂದ. ನಿಮ್ಮ ಇಂಟರ್‌ಫೇಸ್ ಭಾಷೆಯ ವಿರುದ್ಧ ಹೋದರೆ ಎರಡೂ ಕಡೆಯವರಿಗೆ ಗೊಂದಲ. ಹಾಗೆಯೇ ಭಾಷೆಯಲ್ಲಿ ಎಡವಿ ಬೀಳುವ ಗುಂಡಿಗಳು ನಿಮಗೆ ಗೊತ್ತಿರಲಿ. ಜಾವಾಸ್ಕ್ರಿಪ್ಟ್‌ನಲ್ಲಿ 10, 9, 1 ಇರುವ ಪಟ್ಟಿಗೆ ಸುಮ್ನೆ ಸಾರ್ಟ್ ಅಂದರೆ 1, 10, 9 ಅಂತ ಬರುತ್ತದೆ, ಏಕೆಂದರೆ ಅದು ಅಂಕಿಗಳನ್ನು ಅಕ್ಷರಗಳ ಹಾಗೆ ಹೋಲಿಸುತ್ತದೆ. ತಾರೀಕಿನಲ್ಲಿ ಜನವರಿ 0, ಡಿಸೆಂಬರ್ 11. ಪುಟದ ಸಂಖ್ಯೆ, ತಾರೀಕು, ಹಣ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಜಾಸ್ತಿ ಬರುವುದಾದರೆ ಅದಕ್ಕೆ ನಿಮ್ಮದೇ ಫಂಕ್ಷನ್ ಕೊಡಿ. 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುವ ಲೆಕ್ಕದಲ್ಲಿ ಬಿಲ್ ಮಾಡುವ ಪರಿಸ್ಥಿತಿ ಯಾರಿಗೂ ಬರಬಾರದು.

7. ಒಂದು ಸ್ಕ್ರಿಪ್ಟ್, ಒಂದು ಅನ್‌ಡೂ

ಬಳಕೆದಾರರು ಧೈರ್ಯವಾಗಿ ಸ್ಕ್ರಿಪ್ಟ್ ಬರೆಯಬೇಕಾದರೆ ವಾಪಸ್ ಬರುವ ದಾರಿ ಇರಬೇಕು. ನಾಲ್ಕು ನೂರು ವಸ್ತು ಬದಲಾಯಿಸಿದ ಸ್ಕ್ರಿಪ್ಟನ್ನು ಹಿಂದೆ ತರಲು ನಾಲ್ಕು ನೂರು ಸಲ ಅನ್‌ಡೂ ಒತ್ತಬೇಕು ಅಂದರೆ ಅದು ಇದ್ದೂ ಇಲ್ಲದ ಹಾಗೆ. ಇಡೀ ಸ್ಕ್ರಿಪ್ಟ್ ಒಂದೇ ಹೆಜ್ಜೆಯಾಗಲಿ. ಫೋಟೋಶಾಪ್‌ನಲ್ಲಿ ಇದನ್ನು ಸ್ಕ್ರಿಪ್ಟ್ ಬರೆಯುವವರು ಕೇಳಿ ಪಡೆಯಬೇಕು. ನನ್ನ ಕೇಳಿದರೆ ಅದು ತಾನಾಗಿಯೇ ಆಗಬೇಕು, ಬೇಡ ಅನ್ನುವವರು ಬೇಡ ಅನ್ನಲಿ.

ಅರ್ಧಕ್ಕೆ ಎರರ್ ಬಂದರೆ? ಇನ್ನೂರು ಬದಲಾಗಿವೆ, ಇನ್ನೂರು ಉಳಿದಿವೆ. ಆಗ ಎಲ್ಲವನ್ನೂ ಶುರುವಿನ ಸ್ಥಿತಿಗೆ ತರುವುದು ಒಳ್ಳೆಯದು. ಫೈಲ್ ಬರೆಯುವುದು, ಮೇಲ್ ಕಳಿಸುವುದು ಇತ್ಯಾದಿ ಹಾಗೆ ವಾಪಸ್ ಬರುವುದಿಲ್ಲ. ಅಂಥ ಕೆಲಸ ಇರುವ ಸ್ಕ್ರಿಪ್ಟ್‌ಗೆ ‘ಮಾಡಬೇಡ, ಏನು ಮಾಡುತ್ತಿದ್ದೆ ಅಂತ ಹೇಳು’ ಅನ್ನುವ ಒಂದು ಸ್ವಿಚ್ ಕೊಡಿ. ನಾವು ಇದನ್ನು ತಡವಾಗಿ ಸೇರಿಸಿದೆವು. ಸ್ಕ್ರಿಪ್ಟ್ ಬರೆಯಲು ಹೆದರುತ್ತಿದ್ದವರು ಕೂಡ ಆಮೇಲೆ ಬರೆಯಲು ಶುರುಮಾಡಿದರು.

8. ಮೊದಲು ಬಿಗಿಯಾಗಿರಿ, ಆಮೇಲೆ ಸಡಿಲಿಸಿ

ಕೋಡ್‌ನಿಂದ ಪ್ರೋಗ್ರಾಂ ಕಟ್ಟಲು ಬಳಸುವ ಮೇಕ್ ಅನ್ನುವ ಸಾಧನದಲ್ಲಿ ಕಮ್ಯಾಂಡ್ ಸಾಲಿನ ಶುರುವಿನಲ್ಲಿ ಟ್ಯಾಬ್ ಇರಲೇಬೇಕು. ಸ್ಪೇಸ್ ಹಾಕಿದರೆ ಕೆಲಸ ಮಾಡುವುದಿಲ್ಲ, ಕಣ್ಣಿಗೆ ಎರಡೂ ಒಂದೇ ಥರ. ಇದನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದವರು ಸ್ಟುವರ್ಟ್ ಫೆಲ್ಡ್‌ಮನ್. ತಪ್ಪು ಅವರಿಗೆ ಕೆಲವೇ ವಾರಗಳಲ್ಲಿ ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಸುಮಾರು ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆ ಆಗಬಾರದು ಅಂತ ಹಾಗೇ ಬಿಟ್ಟರು. ಹನ್ನೆರಡು ಜನರಿಗಾಗಿ ಉಳಿದ ಆ ಟ್ಯಾಬ್ ಈಗಲೂ ಇದೆ.

ಸಡಿಲವಾಗಿದ್ದನ್ನು ಬಿಗಿ ಮಾಡಿದರೆ ಓಡುತ್ತಿದ್ದ ಸ್ಕ್ರಿಪ್ಟ್‌ಗಳು ಒಡೆಯುತ್ತವೆ. ಬಿಗಿಯಾಗಿದ್ದನ್ನು ಸಡಿಲ ಮಾಡಿದರೆ ಯಾವುದೂ ಒಡೆಯುವುದಿಲ್ಲ. ಹಾಗಾಗಿ ಅನುಮಾನ ಇದ್ದ ಕಡೆ ಮೊದಲ ಬಿಡುಗಡೆಯಲ್ಲಿ ಎರರ್ ಕೊಡಿ. “100” ಅನ್ನುವ ಅಕ್ಷರಗಳನ್ನು 100 ಅನ್ನುವ ಅಂಕಿ ಅಂತ ತಗೊಳ್ಳಬೇಕಾ? ಮೊದಲು ಬೇಡ ಅನ್ನಿ. ಜನ ಕೇಳಿದರೆ ಆಮೇಲೆ ನೋಡೋಣ. ಪಿಎಚ್‌ಪಿ ಭಾಷೆಯಲ್ಲಿ 0 ಅನ್ನುವ ಅಂಕಿಯನ್ನು ಅಕ್ಷರಗಳ ಪದದ ಜೊತೆ ಹೋಲಿಸಿದರೆ ಎರಡೂ ಸಮ ಅಂತ ಬರುತ್ತಿತ್ತು. 2020ರಲ್ಲಿ ಬಂದ 8ನೇ ಆವೃತ್ತಿಯವರೆಗೆ ಅದನ್ನು ಬದಲಾಯಿಸಲು ಆಗಲಿಲ್ಲ. ಜೊತೆಗೆ, ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಇಂಟರ್‌ಫೇಸ್‌ನ ಆವೃತ್ತಿ ಬರೆಯುವ ಪದ್ಧತಿಯನ್ನು ಮೊದಲ ದಿನದಿಂದಲೇ ತನ್ನಿ. ಮುಂದೆ ಬದಲಾಯಿಸಬೇಕಾದಾಗ ಹಳೆಯದಕ್ಕೆ ಹಳೆಯ ನಡತೆ, ಹೊಸದಕ್ಕೆ ಹೊಸದು ಅಂತ ಕೊಡಬಹುದು.

ನಾವು ಆ ಸಾಲನ್ನು ಇಟ್ಟಿರಲಿಲ್ಲ. ಲೇಯರ್ ಪಟ್ಟಿಯನ್ನು ನಕಲು ಮಾಡಿ ಕೊಡಲು ತೀರ್ಮಾನಿಸಿದಾಗ ಯಾರ ಸ್ಕ್ರಿಪ್ಟ್ ಒಡೆಯುತ್ತದೋ ಅನ್ನುವ ಭಯ ಇತ್ತು. ಬಳಕೆದಾರರು ಹಂಚಿಕೊಂಡಿದ್ದ ಸ್ಕ್ರಿಪ್ಟ್‌ಗಳನ್ನೆಲ್ಲ ತಂದು ಒಂದೊಂದಾಗಿ ಓಡಿಸಿದೆವು. ಮೂರು ಸಲ ಓಡಿಸುತ್ತಿದ್ದವರದ್ದು ಮೊದಲ ಸಲಕ್ಕೇ ಕೆಲಸ ಮುಗಿಸಿತು. ಹಿಂದಿನಿಂದ ಬರುತ್ತಿದ್ದವರದ್ದೂ ಹಾಗೇ ನಡೆಯಿತು. ಒಂದು ಥರದ್ದು ಮಾತ್ರ ನಿಂತಿತು. ಪಟ್ಟಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅದು ಖಾಲಿಯಾಗುವವರೆಗೆ ಮೊದಲನೆಯದನ್ನೇ ಅಳಿಸುತ್ತಾ ಹೋಗುವ ಸ್ಕ್ರಿಪ್ಟ್. ನಕಲು ಖಾಲಿಯಾಗುವುದೇ ಇಲ್ಲವಲ್ಲ, ಎರಡನೇ ಸುತ್ತಿನಲ್ಲಿ ಆಗಲೇ ಅಳಿಸಿದ ಲೇಯರ್ ಮತ್ತೆ ಕೈಗೆ ಬರುತ್ತಿತ್ತು. ಅವರಿಗೆಂದೇ ಎರರ್‌ನ ಮಾತನ್ನು ಮತ್ತೆ ಬರೆದೆವು:

“4ನೇ ಸಾಲು: ಈ ಲೇಯರನ್ನು ಆಗಲೇ ಅಳಿಸಲಾಗಿದೆ. ನಿಮ್ಮ ಕೈಯಲ್ಲಿರುವ ಪಟ್ಟಿ ಅಳಿಸುವ ಮೊದಲಿನದು. ಈಗಿನ ಪಟ್ಟಿ ಬೇಕಿದ್ದರೆ ಚಿತ್ರ.ಲೇಯರ್‌ಗಳು ಅಂತ ಮತ್ತೆ ಕೇಳಿ. ಎಲ್ಲವನ್ನೂ ಅಳಿಸಬೇಕಿದ್ದರೆ: ಪ್ರತಿ ಲೇಯರ್ (ಚಿತ್ರ.ಲೇಯರ್‌ಗಳು): ಲೇಯರ್.ಅಳಿಸು()”